ಬಿಳಿ ಶಲ್ಯದ ಹಸಿರು ಎಳೆ

ಎಲ್ಲರಿಗೂ ಶರಣು.

ನೀಲಕಂಠನ ಹೆಂಡತಿ ರತ್ನಾಬಾಯಿ ಅಕ್ಕ, ಮಗಳು ಉಜ್ವಲಾ, ಅಣ್ಣ ಗಿರಿಮಲ್ಲಪ್ಪನವರೇ, ಅತ್ತಿಗೆ ಯಲ್ಲವ್ವನವರೇ — ನಿಮಗೆ ಸಮಾಧಾನ ಹೇಳಲಿ ಅಂತ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನನ್ನ ಹತ್ತಿರ ಅದು ಇಲ್ಲ. ಇದ್ದಿದ್ದರೆ ಮೊದಲು ನಾನೇ ಇಟ್ಟುಕೊಳ್ಳುತ್ತಿದ್ದೆ. ಬನಹಟ್ಟಿ-ರಬಕವಿಯ ನೇಕಾರ ಬಂಧುಗಳೇ, ಮುಧೋಳದಿಂದ, ಬೀಳಗಿಯಿಂದ ಈ ಬಿಸಿಲಲ್ಲಿ ಬಸ್ಸು ಹತ್ತಿ ಬಂದವರೇ, ಒಳಗೆ ಬರಲಾರದೆ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಕೇಳುತ್ತಿರುವವರೇ — ನಿಮಗೂ ನಮಸ್ಕಾರ. ನೀವು ಯಾಕೆ ಹೊರಗೆ ನಿಂತಿದ್ದೀರಿ ಅಂತ ನನಗೆ ಗೊತ್ತು. ಅಲ್ಲಿಂದಲೇ ಕೇಳಿ, ಅಡ್ಡಿ ಇಲ್ಲ.

ನಾನು ಜಮಖಂಡಿಯ ಅನುರಾಧಾ. ನೀಲಕಂಠ ಬನಹಟ್ಟಿಯಿಂದ, ನಾನು ಜಮಖಂಡಿಯಿಂದ, ಇಬ್ಬರೂ ಒಂದೇ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆವು. ಅವನು ನನಗಿಂತ ಹಿರಿಯ. ಆದರೂ ಇವತ್ತು ನಾನು 'ಅವನು' ಅಂತಲೇ ಅನ್ನುತ್ತೇನೆ, ಹಿರಿಯರು ಕ್ಷಮಿಸಬೇಕು. ಇಷ್ಟು ವರ್ಷ ಒಂದೇ ಕಪ್ಪಿನ ಚಾ ಎರಡು ಬಸಿಯಲ್ಲಿ ಕುಡಿದವರು ನಾವು. ಈಗ 'ಅವರು' ಅಂದರೆ ಬೇರೆ ಯಾರೋ ಸತ್ತ ಹಾಗೆ ಆಗುತ್ತದೆ.

ಸಭೆ ನಡೆಸುತ್ತಿರುವ ಕಲ್ಮೇಶ ಅವರು ಮೈಕು ಕೊಡುವಾಗ ಐದು ನಿಮಿಷ ಅಂದರು. ಐದರಲ್ಲಿ ಮುಗಿಯುವುದಿಲ್ಲ ಕಲ್ಮೇಶ, ಗಡಿಯಾರ ನೋಡಬೇಡ್ರಿ.

ಮೊದಲು ಒಂದು ಮಾತು ಮುಗಿಸಿಬಿಡುತ್ತೇನೆ. ಅವನು ತೀರಿಕೊಂಡ ದಿನದಿಂದ ಎಲ್ಲರೂ ನನ್ನನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ, ಒಂದೇ ಪ್ರಶ್ನೆ ಕೇಳುತ್ತಿದ್ದೀರಿ — "ಖರೆ ಹೇಳ್ರಿ ಮೇಡಂ, ಅವರೇ ಮಾಡಿಸಿದ್ರೇನು?" ಇಲ್ಲ. ಯಾರೂ ಕೊಲ್ಲಿಸಲಿಲ್ಲ. ಸಕ್ಕರೆ ಕಾಯಿಲೆ ಇತ್ತು, ಎದೆ ನೋವನ್ನು ಗ್ಯಾಸು ಅನ್ನುತ್ತಿದ್ದ. ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಸಮೀರವಾಡಿಯ ಬಸ್ಸಿಗೆ ಕಾಯುತ್ತಿದ್ದವನು ಕಟ್ಟೆಯ ಮೇಲೆ ಕೂತ, ಹಾಗೇ ಒರಗಿದ. ಪಕ್ಕದಲ್ಲಿದ್ದ ಹೆಣ್ಣುಮಗಳು ನಿದ್ದೆ ಅಂದುಕೊಂಡಳಂತೆ. ನಾವು ಬೇರೆ ಥರದ ಸಾವಿಗೆ ತಯಾರಾಗಿದ್ದೆವು. ಬೈಕಿನ ಸದ್ದು ಹಿಂದಿನಿಂದ ಬಂದರೆ ಗೋಡೆಗೆ ಸರಿಯುವುದು, ದಿನಾ ಒಂದೇ ದಾರಿ ಹಿಡಿಯದಿರುವುದು, ಇವೆಲ್ಲ ರೂಢಿಯಾಗಿತ್ತು. ಇಂಥ ಸಾವಿಗೆ ಮಾತ್ರ ಏನೂ ತಯಾರಿ ಮಾಡಿಕೊಂಡಿರಲಿಲ್ಲ.

ಬರುವ ಗುರುವಾರ ಅವನು ಕೋರ್ಟಿನಲ್ಲಿ ಇರಬೇಕಿತ್ತು. ನರ್ಮದಾ ನದಿಯ ದಂಡೆಯ ಒಂದು ಊರು, ನಮಗೆ ದೂರದ ಊರು. ಅಲ್ಲಿ ಕಾಸಿಂ ಮಾಸ್ತರ್ ಅಂತ ಒಬ್ಬ ಬ್ಯಾಂಡಿನವರನ್ನು ಕೊಂದ ಮೊಕದ್ದಮೆ. ಮೂವರು ಆರೋಪಿಗಳು, ಮೂವರೂ ಒಂದೇ ಪಂಥದವರು. ಅವರ ಪಂಥವನ್ನು ಆ ಊರಿಗೆ ಜೋಡಿಸುವ ಒಂದೇ ಸಾಕ್ಷಿ ನೀಲಕಂಠ. ಈಗ ಅವನಿಲ್ಲ. ಗುರುವಾರ ಆ ಕಟಕಟೆ ಖಾಲಿ ಇದ್ದರೆ ಮೂವರೂ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ನಾನು ಇವತ್ತು ಅವನ ಗುಣಗಾನಕ್ಕೆ ಬಂದಿಲ್ಲ, ಆ ಗುರುವಾರದ ಬಗ್ಗೆ ಹೇಳಲು ಬಂದಿದ್ದೇನೆ. ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ನೀಲಕಂಠ ಪತ್ರಕರ್ತ ಆದದ್ದು ಹೇಗೆ ಅಂತ ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತು. ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗ ಅವನಿಗೆ ಒಲಿಯಲಿಲ್ಲ. ಅಕ್ಷರ ದುಂಡಗಿದ್ದವು. ಹಿಂದಿ, ಮರಾಠಿ ಬರೆಯಲು ಬರುತ್ತಿತ್ತು. ಬಟ್ಟೆಯ ಗಂಟಿಗೆ ಗೋಣಿ ತಟ್ಟು ಹೊಲಿದ ಮೇಲೆ ಅದರ ಮೇಲೆ ಕಪ್ಪು ಮಸಿಯಲ್ಲಿ ಹೋಗಬೇಕಾದ ಊರಿನ ಹೆಸರು ಬರೆಯಬೇಕಲ್ಲ — ಆ ಕೆಲಸ ಇವನದು. ಪೇಪರಿಗೆ ಸುದ್ದಿ ಕಳಿಸಲು ಶುರು ಮಾಡಿದ ಮೇಲೂ ವಾರಕ್ಕೊಮ್ಮೆ ಲಾರಿ ಆಫೀಸಿಗೆ ಹೋಗಿ, ಕುಂಚ ಹಿಡಿದು, ಹೀಗೆ — ಬಗ್ಗಿ, ನಾಲಿಗೆ ಕಚ್ಚಿ — ಬರೆಯುತ್ತಿದ್ದ. ಸೋಲಾಪುರ ದಾಟಿ ಹೋದವನಲ್ಲ. "ನಾ ದೇಶ ನೋಡಿಲ್ಲ ಅನುರಾಧಾ, ದೇಶದ ಹೆಸರಷ್ಟ ಬರದೇನಿ" ಅನ್ನುತ್ತಿದ್ದ.

ಒಂದು ವರ್ಷ ಊರಿಗೆ ಹೊಸ ಆರ್ಡರ್ ಬಂತು. ಬಿಳಿ ಶಲ್ಯ, ಅಂಚಿಗೆ ಎರಡು ಬೆರಳು ಅಗಲದ ಕೆಂಪು ದಡಿ. ಬೇರೆ ಬಣ್ಣದ ಒಂದು ಎಳೆಯೂ ಇರಕೂಡದು, ಇದ್ದರೆ ಮಾಲು ವಾಪಸ್ಸು. ಧವಳ ಪಂಥ ಅನ್ನುವವರಿಗೆ ಅಂದರು. ಯಾವುದೋ ಮಠ ಇರಬೇಕು, ಉತ್ಸವ ಇರಬೇಕು ಅಂತ ನೇಯ್ದೆವು — ನೇಯ್ದಿರಿ. ತಪ್ಪೇನಿಲ್ಲ. ನೇಕಾರನಿಗೆ ಆರ್ಡರು ಬಂದರೆ ನೇಯುತ್ತಾನೆ, ಉಡುವವನ ಜಾತಕ ಕೇಳುತ್ತಾನೇನು?

ಆ ಗಂಟುಗಳ ಮೇಲೆ ನೀಲಕಂಠ ಊರ ಹೆಸರು ಬರೆದ. ತಿಂಗಳು ಕಳೆದಿರಲಿಲ್ಲ, ಅದೇ ಹೆಸರು ಪೇಪರಿನಲ್ಲಿ ಬಂತು. ಅಲ್ಲಿ ಒಂದು ದರ್ಗಾ ಕೆಡವಿದ್ದರು, ಎರಡೂ ಧರ್ಮದ ಜನ ಕಾಯಿ ಒಡೆಸುತ್ತಿದ್ದ ಜಾಗ. ಆಗಲಿ, ಊರು ಅಂದಮೇಲೆ ಗಲಾಟೆ ಇರುತ್ತದೆ. ಇನ್ನೊಂದು ಗಂಟು, ಇನ್ನೊಂದು ಊರು. ಅಲ್ಲಿ ಬೇರೆ ಬೇರೆ ಧರ್ಮದ ಹುಡುಗ-ಹುಡುಗಿ ಮದುವೆಯಾಗಿದ್ದರು, ಮನೆಗೆ ನುಗ್ಗಿ ಹೊಡೆದಿದ್ದರು. ಮೂರನೆಯ ಸಲ ನನ್ನ ಹತ್ತಿರ ಪೇಪರು ಹಿಡಿದುಕೊಂಡು ಬಂದ. ಚಾ ಕೊಟ್ಟೆ, ಮುಟ್ಟಲಿಲ್ಲ. "ಈ ಊರಿನ ಹೆಸರು ನನ್ನ ಕೈಯಾಗಿನ ಮಸಿ ಆರೂದಕ್ಕ ಮೊದಲ ಇಲ್ಲಿ ಬಂದೈತಿ ನೋಡು" ಅಂದ. ಬೆರಳಿನ ಸಂದಿಯಲ್ಲಿ ಮಸಿ ಇನ್ನೂ ಇತ್ತು.

ಅಲ್ಲಿಂದ ಶುರುವಾಯಿತು ನಮ್ಮ ಕೆಲಸ. ಹಿಟ್ಟಿನ ಗಿರಣಿಯ ಮೇಲಿನ ನನ್ನ ಕೋಣೆಯ ಗೋಡೆಗೆ ದೇಶದ ನಕಾಶೆ ಹೊಡೆದೆವು. ಶಲ್ಯ ಹೋದ ಊರಿಗೆ ಬಿಳಿ ನೂಲು. ಅಲ್ಲಿ ಹೊಡೆದಾಟವಾದರೆ ಅದರ ಪಕ್ಕ ಕೆಂಪು ನೂಲು. ಎರಡೂ ನೂಲು ಅವನ ಅಣ್ಣನ ಮನೆಯದು. ಕೆಂಪು ನೂಲಿಗೆ ಬರ ಬರಲಿ ಅಂತ ಬೇಡಿಕೊಂಡೆವು, ಬರಲಿಲ್ಲ.

ಧವಳ ಪಂಥದವರು ಯಾರು ಅಂತ ಕೇಳುತ್ತೀರಿ. ಕೋರೆಹಲ್ಲಿನ ರಾಕ್ಷಸರಲ್ಲ. ನಮ್ಮದೇ ದೇವರ ಹೆಸರು ಹೇಳುತ್ತಾರೆ, ನಮ್ಮದೇ ಭಜನೆ ಹಾಡುತ್ತಾರೆ, ಹಿರಿಯರ ಕಾಲು ಮುಟ್ಟುತ್ತಾರೆ. ಊರಿಗೆ ಬಂದರೆ ಮೊದಲು ಕಣ್ಣಿನ ತಪಾಸಣೆ, ಪುಕ್ಕಟೆ. ಆಮೇಲೆ ಭಜನೆ. ಆಮೇಲೆ ಶಲ್ಯ. ಶಲ್ಯ ಹೆಗಲ ಮೇಲೆ ಬಂದ ಮೇಲೆ ಯಾರು ಶುದ್ಧ, ಯಾರು ಅಶುದ್ಧ ಅನ್ನುವ ಲೆಕ್ಕ. ಅಶುದ್ಧ ಅಂದವರ ಅಂಗಡಿಗೆ ಬೆಂಕಿ ಬೀಳುತ್ತದೆ. ಊರು ಬದಲಾಗುತ್ತದೆ, ಭಾಷೆ ಬದಲಾಗುತ್ತದೆ, ಈ ಕ್ರಮ ಬದಲಾಗಿದ್ದನ್ನು ನಾವು ನೋಡಲಿಲ್ಲ.

ನಮ್ಮ ಬೀಳಗಿಗೂ ಬಂದಿದ್ದರು. ಗೂಳಪ್ಪಜ್ಜ ಅಂತ, ಅಲ್ಲಿಯವರಿಗೆ ಗೊತ್ತು. ನಾವು ಹೋದಾಗ ಪಂಥದವರು ಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ನೀಲಕಂಠ ಕೇಳಿದ, "ಏನಜ್ಜಾ, ಪಂಥದವರು ಏನ ಹೇಳ್ತಾರ?" ಅಜ್ಜ ಚಾಳೀಸು ತೆಗೆದ, ಧೋತರದ ಚುಂಗಿನಿಂದ ಒರೆಸಿದ, ಮತ್ತೆ ಹಾಕಿಕೊಂಡ. "ಹೇಳೂದೇನೋ ತಮ್ಮಾ, ಬಾಜೂಕಿನ ಮನಿ ಮೌಲಾನ ಕೂಡ ಮಾತಾಡಬ್ಯಾಡ ಅಂತಾರ. ಚಾಳೀಸ ಇಲ್ಲದಾಗ ಅವನೇ ನನ್ನ ಕೈ ಹಿಡದು ಬಸ್ಸಿಗೆ ಹತ್ತಸ್ತಿದ್ದ. ಈಗ ಕಣ್ಣು ಕಾಣ್ತಾವು, ಅವನ ನೋಡಬಾರ್ದಂತ." ನಾನು ನಕ್ಕೆ. ನೀಲಕಂಠ ನಗಲಿಲ್ಲ, ವಾಪಸ್ಸು ಬರುವಾಗ ಬಸ್ಸಿನಲ್ಲಿ, "ಆ ಅಜ್ಜ ಇನ್ನೊಂದು ವರ್ಷಕ್ಕ ಏನಾಗ್ತಾನೋ" ಅಂದ. ಬೀಳಗಿಯಲ್ಲಿ ನೆರೆಮನೆಯವನ ಜೊತೆ ಮಾತು ಬಿಡಲು ಒಪ್ಪದ ಅಜ್ಜನಂಥವರು ಬಹಳ ಇದ್ದರು, ಹಾಗಾಗಿ ಪಂಥ ಅಲ್ಲಿ ನೆಲೆ ನಿಲ್ಲಲಿಲ್ಲ.

ಗಂಟು ಹೋದ ಊರಿಗೆಲ್ಲ ನಾನು ಫೋನು ಮಾಡುತ್ತಿದ್ದೆ. ಪೊಲೀಸರಿಗೆ, ಶಾಲೆ ಮಾಸ್ತರಿಗೆ, ಯಾರು ಸಿಕ್ಕರೆ ಅವರಿಗೆ. ನನ್ನ ಹಿಂದಿ ಕೇಳಿ ಅರ್ಧ ಜನ ಇಟ್ಟುಬಿಡುತ್ತಿದ್ದರು. ಒಬ್ಬ ಅಧಿಕಾರಿ, "ಮೇಡಂ, ಬಟ್ಟೆ ನೋಡಿ ಗಲಾಟೆ ಹೇಳ್ತೀರಿ, ಗಿಣಿಶಾಸ್ತ್ರ ಕಲಿತಿದ್ದೀರಾ" ಅಂತ ಕೇಳಿದ. ನೀಲಕಂಠ ಹೇಳುತ್ತಿದ್ದ, "ನಾವು ಹವಾಮಾನ ಇಲಾಖೆಯವರಿದ್ದಂಗ. ಮಳಿ ಬರ್ತೈತಿ ಅಂತೇವಿ, ಯಾರೂ ಛತ್ರಿ ತರೂದಿಲ್ಲ." ಒಂದೇ ಒಂದು ಊರಿನಲ್ಲಿ ಒಬ್ಬ ತಹಶೀಲ್ದಾರ ಹೆಣ್ಣುಮಗಳು ನಮ್ಮ ಮಾತು ಕೇಳಿದಳು. ಎಲ್ಲರನ್ನೂ ಕೂರಿಸಿ ಮಾತಾಡಿದಳು. ವರ್ಷ ಕಳೆಯಿತು, ಆ ಊರಿನಲ್ಲಿ ಏನೂ ಆಗಲಿಲ್ಲ. ಅವತ್ತು ನೀಲಕಂಠ ಪಾವು ಕಿಲೋ ಕರದಂಟು ತಂದ. "ನಮ್ಮ ಭವಿಷ್ಯ ಸುಳ್ಳಾತು, ತಗೋ, ತಿನ್ನು." ಸಕ್ಕರೆ ಕಾಯಿಲೆಯವನು ಅರ್ಧ ತಾನೇ ತಿಂದ. ರತ್ನಾಬಾಯಿ ಅಕ್ಕ, ಆ ಕರದಂಟಿನ ಸಂಗತಿ ನಿಮಗೆ ಹೇಳಬಾರದು ಅಂತ ನನ್ನಿಂದ ಭಾಷೆ ತೆಗೆದುಕೊಂಡಿದ್ದ. ಈಗ ಹೇಳಿದೆ.

ಬೇಸರವಾಗುತ್ತದೆ. ಖರೆ ಹೇಳುತ್ತೇನೆ, ಬಹಳ ಬೇಸರವಾಗುತ್ತದೆ. ಸುದ್ದಿ ಅದೇ, ಊರಿನ ಹೆಸರು ಮಾತ್ರ ಬೇರೆ. ಹೆಂಗಸರು ಅಳುವ ಫೋಟೋ ಅದೇ. 'ಪರಿಸ್ಥಿತಿ ಹತೋಟಿಯಲ್ಲಿದೆ' ಅನ್ನುವ ವಾಕ್ಯ ಅದೇ. ಮೊದಮೊದಲು ನಾನು ಸಿಟ್ಟಾಗುತ್ತಿದ್ದೆ. ಆಮೇಲಾಮೇಲೆ ಕುರ್ಚಿಯಿಂದ ಏಳದೆ ಕೆಂಪು ನೂಲಿಗೆ ಕೈ ಚಾಚುತ್ತಿದ್ದೆ. ಒಂದು ದಿನ ನೀಲಕಂಠನೇ ಕೈ ಹಿಡಿದ. "ಎದ್ದು ನಿಂತು ಹಚ್ಚು. ಯಾರೋ ಸತ್ತಾರ" ಅಂದ.

ಆಮೇಲೆ ಕಾಸಿಂ ಮಾಸ್ತರ್.

ಅವರು ಕ್ಲಾರಿಯೊನೆಟ್ ನುಡಿಸುವವರು. ಆ ಊರಿನ ಗುಡಿಯ ಪಲ್ಲಕ್ಕಿಯ ಮುಂದೆ ಅವರ ಅಪ್ಪ ನುಡಿಸಿದ್ದರು, ಅಜ್ಜ ನುಡಿಸಿದ್ದರು. ಇನ್ನು ಮುಂದೆ ನುಡಿಸಬಾರದು ಅಂತ ಯಾರೋ ಬಂದು ಹೇಳಿದರು. ಮಾಸ್ತರ್ ನುಡಿಸಿದರು. ಮರುದಿನ ನದಿಯ ಮೆಟ್ಟಿಲ ಮೇಲೆ ಸಿಕ್ಕರು, ಎರಡೂ ಕೈ ಕಟ್ಟಿದ್ದವು. ಕಟ್ಟಿದ್ದು ಬಿಳಿ ಶಲ್ಯದಿಂದ. ಬಣ್ಣದ ಫೋಟೋ ನಮ್ಮ ಪತ್ರಿಕೆಯಲ್ಲೂ ಬಂತು. ಪಂಥದವರು ಹೇಳಿಕೆ ಕೊಟ್ಟರು — ಆ ಊರಿನಲ್ಲಿ ನಮ್ಮ ಶಾಖೆಯೇ ಇರಲಿಲ್ಲ, ನಮ್ಮವರೊಬ್ಬರೂ ಅಲ್ಲಿಗೆ ಹೋಗಿಲ್ಲ, ಇಂಥ ಶಲ್ಯ ದೇಶದ ಎಲ್ಲ ಅಂಗಡಿಯಲ್ಲಿ ಸಿಗುತ್ತದೆ.

ನೀಲಕಂಠ ಆ ಫೋಟೋವನ್ನು ಬಹಳ ಹೊತ್ತು ನೋಡಿದ. "ಹೋಗೂಣ" ಅಂದ. ಸೋಲಾಪುರ ದಾಟಿದ್ದು ಅದೇ ಮೊದಲು. ರೈಲಿನಲ್ಲಿ ಪ್ರತಿ ಸ್ಟೇಷನ್ನಿನ ಫಲಕ ಓದುತ್ತಿದ್ದ, ಬರೆದ ಹೆಸರು ಬಂದರೆ ನನ್ನನ್ನು ಎಬ್ಬಿಸುತ್ತಿದ್ದ. ಪೊಲೀಸ್ ಠಾಣೆಯಲ್ಲಿ ಕಾಡಿ ಬೇಡಿ ಆ ಶಲ್ಯ ನೋಡಲು ಒಪ್ಪಿಸಿದೆವು. ಮೇಜಿನ ಮೇಲೆ ಹಾಸಿದರು. ನೀಲಕಂಠ ಮುಟ್ಟಲಿಲ್ಲ. ಅಧಿಕಾರಿಗೆ ಹೇಳಿ ದಡಿಯ ತುದಿಯನ್ನು, ಇಲ್ಲಿ, ಹೊರ ಅಂಚನ್ನು, ಚಿಮ್ಮಟದಿಂದ ಬಿಡಿಸುವಂತೆ ಮಾಡಿದ. ಕೆಂಪು ಎಳೆಗಳ ಕೊನೆಗೆ, ಅವುಗಳ ಮರೆಯಲ್ಲಿ, ಒಂದು ಹಸಿರು ಎಳೆ ಇತ್ತು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಇದನ್ನು ನಾನು ಎಲ್ಲಿಯೂ ಹೇಳಿರಲಿಲ್ಲ. ಇವತ್ತು ಹೇಳಲು ನನಗೆ ಅಪ್ಪಣೆ ಇದೆ. ಯಾರ ಅಪ್ಪಣೆ ಅಂತ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ನಿಮ್ಮ ಓಣಿಗಳಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಪದ್ಧತಿ. ನೀಲಕಂಠನ ಮನೆತನದಲ್ಲಿ ಬರೀ ಬಿಳಿ ಬಟ್ಟೆ ಮಗ್ಗದಿಂದ ಇಳಿಸುವುದಿಲ್ಲ. ಹೊಸ ಹಾಸಿನ ಉದ್ದನೆಯ ಎಳೆಗಳನ್ನು ಹಳೆಯದಕ್ಕೆ ಕೆಚ್ಚುವಾಗ, ಅಂದರೆ ಒಂದೊಂದೇ ಎಳೆ ಹೊಸೆದು ಕೂಡಿಸುವಾಗ, ಅಂಚಿಗೆ ಒಂದು ಹಸಿರು ಎಳೆ ಸೇರಿಸುತ್ತಾರೆ. ಬನಶಂಕರಿಯ ಎಳೆ. ಕಾಯಿಪಲ್ಲೆಯ ತಾಯಿ ಅವಳು, ಹಸಿರು ಅವಳದು. ಉಟ್ಟವರು ಹಸಿರಾಗಿ ಬಾಳಲಿ ಅಂತ. ಆ ಆರ್ಡರಿಗೆ ಬೇರೆ ಬಣ್ಣ ಕೂಡದು ಅಂದಿದ್ದರಲ್ಲ, ಅದಕ್ಕೆ ಕೆಂಪಿನ ಮರೆಗೆ, ಯಾರಿಗೂ ಕಾಣದ ಹಾಗೆ ಸೇರಿಸಿದ್ದರು. ಬಿಟ್ಟರೆ ಕೈಗೆ ಸಮಾಧಾನ ಆಗುವುದಿಲ್ಲ. ಗಿರಿಮಲ್ಲಪ್ಪನವರ ಮಗ್ಗದ ಆ ಶಲ್ಯಗಳೆಲ್ಲ ಒಂದೇ ಗಂಟಿನಲ್ಲಿ ಹೋಗಿದ್ದವು, ಮಾಸ್ತರ್ ಸಾಯುವುದಕ್ಕೆ ಮೊದಲು. ಅದರ ಮೇಲೆ ಊರ ಹೆಸರು ಬರೆದವನು ನೀಲಕಂಠ. ಅದೇ ಊರು.

ಆ ಮನೆಯಲ್ಲಿ ಕೆಚ್ಚುವ ಕೈ ಒಂದೇ.

ವಾಪಸ್ಸು ಬರುವಾಗ ರೈಲಿನಲ್ಲಿ ನೀಲಕಂಠ ಹೇಳಿದ, "ವೈನಿ ಆಶೀರ್ವಾದ ಹಾಕ್ಯಾಳ ಅನುರಾಧಾ. ಅವರು ಅದನ್ನ ಕೈಗೆ ಕಟ್ಟ್ಯಾರ." ಆಮೇಲೆ, "ಅಕಿಗೆ ಗೊತ್ತಾಗಬಾರ್ದು. ಗೊತ್ತಾದ್ರ ಮಗ್ಗದ ಕಡೆ ಕೈ ಚಾಚೂದಿಲ್ಲ." ನನ್ನ ಕೈ ಮೇಲೆ ಕೈ ಇಟ್ಟು ಆಣೆ ಹಾಕಿಸಿಕೊಂಡ. ಬರೀ ಅತ್ತಿಗೆಯಲ್ಲ ಆಕೆ ಅವನಿಗೆ, ತಾಯಿ ಹೋದ ಮೇಲೆ ಉಣ್ಣಲು ಹಾಕಿ ಬೆಳೆಸಿದವಳು.

ಬಂದು ಸುದ್ದಿ ಬರೆದ. ಪಂಥದ ಶಲ್ಯ ನೇಯುವುದು ನಮ್ಮ ಊರಿನಲ್ಲಿ, ಅದು ಹೋದಲ್ಲೆಲ್ಲ ಏನಾಯಿತು, ಎಲ್ಲ ಬರೆದ. ಹಸಿರು ಎಳೆಯ ಮಾತು ಪೊಲೀಸರಿಗೆ ಹೇಳಿದ, ಪೇಪರಿಗೆ ಬರೆಯಲಿಲ್ಲ. ಯಾರ ಮನೆ ಅಂತ ಪೊಲೀಸರಿಗೂ ಹೇಳಲಿಲ್ಲ. ಮುಂದಿನದು ನಿಮಗೇ ಗೊತ್ತು. ಆರ್ಡರು ನಿಂತಿತು. ಮಗ್ಗ ನಿಂತವು. "ಹೊಟ್ಟಿ ಮ್ಯಾಲ ಹೊಡದ" ಅಂದಿರಿ. ಅವನು ಚಾದ ಅಂಗಡಿಗೆ ಬಂದರೆ ಬಾಕಿನ ಮೇಲಿಂದ ಎದ್ದು ಹೋದಿರಿ. ಗಿರಿಮಲ್ಲಪ್ಪಣ್ಣ, ನೀವು ಅವನ ಜೊತೆ ಮಾತು ಬಿಟ್ಟಿರಿ. ನಿಮ್ಮನ್ನು ದೂರುತ್ತಿಲ್ಲ. ಮಗ್ಗ ನಿಂತ ಮನೆಯ ಕಷ್ಟ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಆ ಆರ್ಡರು ಬೇರೆ ಊರಿಗೆ ಹೋಯಿತು, ಶಲ್ಯಕ್ಕೇನೂ ಕೊರತೆಯಾಗಲಿಲ್ಲ.

ಅವನು ಒಂದು ಸಲವೂ ತಿರುಗಿ ಮಾತಾಡಲಿಲ್ಲ. "ನಿಮ್ಮನ್ನು ಉಳಿಸಲಿಕ್ಕೇ ಬಾಯಿ ಮುಚ್ಚಿಕೊಂಡಿದ್ದೇನೆ" ಅನ್ನಬಹುದಿತ್ತು. ಅಣ್ಣನ ಮನೆಯ ಮುಂದೆ ಹಾಯುವಾಗ ಚಪ್ಪಲಿಯ ಸದ್ದು ಮಾಡದೆ ಹೋಗುತ್ತಿದ್ದ, ಅಷ್ಟೆ.

ನೀಲಕಂಠನ ಮಣ್ಣಿಗೆ ಹೋಗಿ ಬಂದ ಮೇಲೆ ನಾನು ಮಾಸ್ತರ್ ಊರಿನ ಸರ್ಕಾರಿ ವಕೀಲರಿಗೆ ಫೋನು ಮಾಡಿದೆ. ಅವರು ಹೇಳಿದರು, "ಪೊಲೀಸರ ಮುಂದೆ ಅವರು ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಗಂಟು ಇಲ್ಲಿಗೆ ಬಂದದ್ದಕ್ಕೆ ಸಾಕ್ಷಿಯಾಗಿ ಲಾರಿ ಕಂಪನಿಯವರಿದ್ದಾರೆ. ಆ ಗಂಟಿನ ಬಟ್ಟೆ ಇದೇ ಅನ್ನಲು ಮನುಷ್ಯ ಬೇಕು. ನೇಯ್ದವರು ಯಾರಾದರೂ ಬರುತ್ತಾರಾ?" ಬರುವುದಿಲ್ಲ ಅಂದೆ. ಫೋನು ಇಟ್ಟೆ. ಮುಗಿಯಿತು ಅಂತಲೇ ಅಂದುಕೊಂಡೆ. ನಕಾಶೆ ಬಿಚ್ಚಿ ಸುತ್ತಿಡಲು ಕುರ್ಚಿ ಹಾಕಿಕೊಂಡೆ, ಹತ್ತಲಿಲ್ಲ. ಹಾಗೇ ಬಿಟ್ಟೆ.

ನಿನ್ನೆ ಮುಂಜಾನೆ ಗಿರಣಿಯ ಮೆಟ್ಟಿಲು ಹತ್ತಿ ಯಾರೋ ಬಂದರು. ಮಂಡಿ ಹಿಡಿದು, ಒಂದೊಂದೇ ಮೆಟ್ಟಿಲು. ಯಲ್ಲವ್ವನವರು.

ನೀರು ಕೊಟ್ಟೆ. ಕುಡಿದರು. ಗೋಡೆ ನೋಡಿದರು. "ಇವೇನು, ನಮ್ಮ ಮನಿ ನೂಲು?" ಹೌದು ಅಂದೆ. "ಕೆಂಪೂ ನಮ್ಮದ?" ಹೌದು. ಆಮೇಲೆ ನನ್ನ ಮುಖ ನೋಡದೆ ಹೇಳಿದರು — "ನೀಲು ನನಗ ಹೇಳಲಿಲ್ಲ. ನನಗ ಗೊತ್ತಿತ್ತು. ಪೇಪರಿನ್ಯಾಗ ಫೋಟೋ ಬಂದ ದಿನಾನ ಗೊತ್ತಿತ್ತು. ಕಟ್ಟಿದ ಗಂಟಿನಾಗ ದಡಿ ತಿರುವಿಬಿದ್ದಿತ್ತು, ಹಸಿರು ಕಂಡ್ತು. ನನ್ನ ಕೈ ನನಗ ಗೊತ್ತಿರಂಗಿಲ್ಲೇನು?"

ಮತ್ತೆ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ.

"ಅವ ಬಂದು ಕೇಳ್ತಾನ ಅಂತ ಹಾದಿ ನೋಡಿದೆ. ಅವ ನನಗ ಗೊತ್ತಾಗಬಾರ್ದು ಅಂತ ಮಾರಿ ತಪ್ಪಿಸಿ ಅಡ್ಡಾಡಿದ. ಇಬ್ಬರೂ ಹಂಗ ಕುಂತ್ವಿ. ಈಗ ಕೇಳಾಕ ಅವ ಇಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಕೋರ್ಟಿಗೆ ನಾ ಬರ್ತೇನಿ. ಆ ಎಳಿ ನಾ ಹಾಕೀನಿ ಅಂತ ಹೇಳ್ತೇನಿ."

ನಾನು ಹೂಂ ಅನ್ನಲಿಲ್ಲ. ಹೆದರಿಸಿದೆ. ಅಲ್ಲಿಯ ವಕೀಲರು ಏನೇನು ಕೇಳುತ್ತಾರೆ ಹೇಳಿದೆ. ಇಲ್ಲಿ ಮನೆಗೆ ಕಲ್ಲು ಬೀಳಬಹುದು ಅಂದೆ. ನಮಗೆ ಬರುತ್ತಿದ್ದ ಫೋನುಗಳಲ್ಲಿ ಏನಿರುತ್ತಿತ್ತು ಅಂತ ಅಷ್ಟಿಷ್ಟು ಹೇಳಿದೆ. ಪೂರಾ ಕೇಳಿಸಿಕೊಂಡರು. "ಮುಗೀತೇನು? ಹಂಗಾರ ಟಿಕೀಟ ತಗಸು. ಆದ್ರ ಒಂದು ಮಾತು. ಕೋರ್ಟು ಆಮ್ಯಾಲ. ಮೊದಲ ಆ ಮಾಸ್ತರನ ಹೇಣ್ತಿ ಮನಿಗೆ ಕರಕೊಂಡು ಹೋಗಬೇಕು. ನಾ ಆ ಎಳಿ ಯಾಕ ಹಾಕಿದ್ದೆ ಅಂತ ಅಕಿಗೆ ಹೇಳಬೇಕು. ಅಕಿ ಬೈದ್ರ ಬೈಲಿ. ಅಕಿಗೆ ಹೇಳದ ನಾ ಎಲ್ಲೂ ಬಾಯಿ ಬಿಡೂದಿಲ್ಲ."

ಮನೆಯಲ್ಲಿ ಹೇಳಿ ಬಂದಿದ್ದೀರಾ ಅಂತ ಕೇಳಿದೆ. ಅದಕ್ಕೆ ಅವರು ಹೇಳಿದ್ದನ್ನು ಹಾಗೇ ಹೇಳುತ್ತೇನೆ. "ಮನ್ಯಾಗ ಹೇಳಿದ್ರ ಬ್ಯಾಡ ಅಂತಾರ, ನಾನೂ ಹೂಂ ಅಂತೇನಿ. ನನಗ ಅಂಜಿಕಿ ಐತಿ ಅನುರಾಧಾ. ಅದಕ್ಕ ನಾಳೆ ಸಭಾದಾಗ ನೀ ಹೇಳು. ಊರ ಮುಂದ ಹೇಳು. ಹೇಳಿದ ಮ್ಯಾಲ ನನಗ ಹಿಂದ ಸರಿಯಾಕ ಬರಬಾರ್ದು."

ಅಪ್ಪಣೆ ಯಾರದು ಅಂತ ಈಗ ಗೊತ್ತಾಯಿತಲ್ಲ. ಹೇಳಿದ್ದೇನೆ. ಊರ ಮುಂದೆ ಹೇಳಿದ್ದೇನೆ. ಗಿರಿಮಲ್ಲಪ್ಪಣ್ಣ, ನಿಮಗೆ ಇದು ಈಗಲೇ ಗೊತ್ತಾಗುತ್ತಿದೆ, ಮೈಕಿನಲ್ಲಿ ಗೊತ್ತಾಗುತ್ತಿದೆ. ತಪ್ಪು ತಿಳಿಯಬೇಡಿ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಮಂಗಳವಾರ ಸೋಲಾಪುರದಿಂದ ರೈಲು. ಎರಡು ಟಿಕೀಟು ತೆಗೆಸಿದ್ದೇನೆ, ಯಲ್ಲವ್ವನವರದು ಮತ್ತು ನನ್ನದು.

ನನ್ನ ಮಾತು ಇಷ್ಟೇ. ನೀಲಕಂಠ ಮಹಾತ್ಮ ಅಲ್ಲ. ಮುಂಗೋಪಿ, ಬೀಡಿ ಸೇದುತ್ತಿದ್ದ, ಸುದ್ದಿ ತಡವಾಗಿ ಕಳಿಸುತ್ತಿದ್ದ. ಅವನಿಲ್ಲದೆ ಈ ಕೆಲಸ ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಗುರುವಾರದವರೆಗೆ ಆಗುತ್ತದೆ. ಅಲ್ಲಿಂದ ಮುಂದಿನದು ಆಮೇಲೆ.

ಇನ್ನು ನೀಲಕಂಠನಿಗಾಗಿ ಎದ್ದು ನಿಂತು ಮೌನ. ಏಳುವ ಮೊದಲು ಒಂದು ಮಾತು ಕೇಳಿ.

ಹಿಂದೆ ಬಾಗಿಲ ಹತ್ತಿರ ಮೂರು-ನಾಲ್ಕು ಮೊಬೈಲು ಮೇಲೆದ್ದಿವೆ. ನಾನು ಯಲ್ಲವ್ವನವರ ಹೆಸರು ಹೇಳಿದ ಮೇಲೆ ಎದ್ದವು, ಇಲ್ಲಿಂದ ಎಲ್ಲ ಕಾಣುತ್ತದೆ. ಅವು ನನ್ನ ಕಡೆ ತಿರುಗಿಲ್ಲ, ಹೆಣ್ಣುಮಕ್ಕಳ ಸಾಲಿನ ಕಡೆ ತಿರುಗಿವೆ. ಹಿಡಿದವರು ಯಾರು, ಆ ವಿಡಿಯೋ ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳುವುದಿಲ್ಲ. ಜಗಳ ಬೇಡ, ಯಾರ ಕೈಯಿಂದಲೂ ಕಸಿದುಕೊಳ್ಳಬೇಡಿ.

ಎಲ್ಲರೂ ದಯವಿಟ್ಟು ಎದ್ದೇಳಿ. ಕೂತಲ್ಲೇ ನಿಲ್ಲಬೇಡಿ. ಯಲ್ಲವ್ವನವರ ಹತ್ತಿರ ಸರಿಯಿರಿ, ಆ ಬಾಗಿಲಿಗೂ ಅವರಿಗೂ ನಡುವೆ ಬನ್ನಿ. ಹೊರಗೆ ಗಿಡದ ಕೆಳಗೆ ನಿಂತವರೇ, ನೀವೂ ಒಳಗೆ ಬನ್ನಿ, ಜಾಗ ಇದೆ.

ಗಿರಿಮಲ್ಲಪ್ಪಣ್ಣ ಆಗಲೇ ಹೋಗಿ ನಿಂತರು. ಬೆನ್ನು ಹೆಂಡತಿಯ ಕಡೆ, ಮುಖ ಆ ಮೊಬೈಲುಗಳ ಕಡೆ. ಹಾಗೆ — ಎಲ್ಲರೂ ಹಾಗೇ ನಿಲ್ಲಿ. ಇನ್ನು ಯಾರೂ ಮಾತಾಡಬೇಡಿ.